ಟೀ ಪುಡಿ ಇಲ್ಲದ ಪೆಟ್ಟಿಗೆ

ಅಳತೆ ಟೇಪಿಗೆ ಸಿಗದ ಯಾವುದನ್ನೂ ನಾನು ನಂಬಿದವನಲ್ಲ. ಬಿಟಿಎಂ ಬಡಾವಣೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇತ್ತು. ಗಿರಾಕಿಗಳಲ್ಲಿ ಯಾರಾದರೂ ದೆವ್ವ, ಗಾಳಿ ಎಂದು ಶುರು ಮಾಡಿದರೆ, "ಎಷ್ಟು ಇಂಚಿತ್ತು ಸಾರ್ ಅದು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಪೇಂಟ್ ಡಬ್ಬ ಸಾಗಿಸಲು ನನ್ನ ಹತ್ತಿರ ಒಂದು ಹಳೆಯ ವ್ಯಾನ್ ಇತ್ತು. ಅದನ್ನೇ ತೆಗೆದುಕೊಂಡು ಊರೂರು ಸುತ್ತಬೇಕು, ಹೋಟೆಲಿಗೆ ಕಾಯದೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಬೇಯಿಸಿಕೊಳ್ಳಬೇಕು ಎಂಬ ಹುಚ್ಚು ಹತ್ತಿತು. ಪ್ಲೈವುಡ್ ಕೊಯ್ದು, ಹಿಂಬಾಗಿಲಿಗೆ ಸರಿಯಾಗಿ ಕೂರುವಂಥ ಪೆಟ್ಟಿಗೆ ಮಾಡಿದೆ. ಮುಂದಿನ ಹಲಗೆ ಕೆಳಗೆ ಮಡಚಿದರೆ ಅದೇ ಮೇಜು. ಒಳಗೆ ಐದು ಕೆ.ಜಿ. ಸಿಲಿಂಡರ್, ಅದರ ನೆತ್ತಿಯ ಮೇಲೇ ಕೂರುವ ಒಂಟಿ ಬರ್ನರ್, ಗಾಳಿಗೆ ಅಡ್ಡವಾಗಿ ಎಣ್ಣೆ ಡಬ್ಬದ ತಗಡು, ಪಕ್ಕದಲ್ಲಿ ನಲ್ಲಿ ಕೂರಿಸಿದ ನೀರಿನ ಕ್ಯಾನ್. ಕಾಫಿ ಫಿಲ್ಟರಿಗೆ, ಸಕ್ಕರೆ ಡಬ್ಬಿಗೆ, ಹಾಲಿನ ಪಾತ್ರೆಗೆ, ಎರಡು ಸ್ಟೀಲ್ ಲೋಟಕ್ಕೆ, ಹೀಗೆ ಒಂದೊಂದಕ್ಕೂ ಅದರದೇ ಅಳತೆಯ ತೂತು ಕೊರೆದಿದ್ದೆ. ಒಂದು ಚಮಚ ಹೆಚ್ಚಿಗೆ ಇಡಲೂ ಜಾಗವಿರಲಿಲ್ಲ. "ಮನೇಲಿ ಕುಡಿದ ಲೋಟ ಎತ್ತಿಡಲ್ಲ, ವ್ಯಾನಲ್ಲಿ ಅಡುಗೆಮನೆ ಕಟ್ತಾರಂತೆ" ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದವನು ಬಸವರಾಜ. ಗದಗಿನ ಕಡೆಯವನು, ಆಫೀಸೊಂದರಲ್ಲಿ ಗುಮಾಸ್ತ. ಅವನ ಹೆಂಡತಿ ಶಾಂತಾ ಎಂಟು ತಿಂಗಳ ಹಿಂದೆ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಅವನು ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನಾವು ಕಳಿಸಿದ ತಟ್ಟೆಯೂ ಹೆಚ್ಚುಕಮ್ಮಿ ಹಾಗೇ ವಾಪಸ್ ಬರುತ್ತಿತ್ತು. ಒಂದು ಸಂಜೆ ನೀರಿನ ಟ್ಯಾಂಕ್ ನೋಡಲು ತಾರಸಿಗೆ ಹೋದ ನಮ್ಮಮ್ಮ, ಅವನು ಗೋಡೆಯಾಚೆಗೆ ಕಾಲು ಇಳಿಬಿಟ್ಟು ಕೂತಿದ್ದನ್ನು ಕಂಡು ಓಡೋಡಿ ಇಳಿದು ಬಂದಳು. "ಆ ಹುಡುಗನ್ನ ಒಬ್ನೇ ಬಿಡ್ಬೇಡ ಕಣೋ. ಎಲ್ಲಾದ್ರೂ ಕರ್ಕೊಂಡ್ ಹೋಗು" ಎಂದಳು. ಅವನು ಉಳಿಯುತ್ತಾನೋ ಇಲ್ಲವೋ ಎಂಬ ಭಯ ಅವತ್ತಿನಿಂದ ನನ್ನನ್ನೂ ಹಿಡಿಯಿತು. ಪೆಟ್ಟಿಗೆಯ ಮೊದಲ ಪರೀಕ್ಷೆಗೆ ಅವನನ್ನೇ ಎಳೆದುಕೊಂಡು ಹೊರಟೆ.

ದೂರವೇನಲ್ಲ. ಸುಬ್ರಹ್ಮಣ್ಯಪುರದ ಆಚೆ ನನ್ನ ಸೋದರಮಾವನ ರಾಗಿ ಹೊಲವಿತ್ತು, ಆಗಿನ್ನೂ ಅಲ್ಲಿ ಸೈಟುಗಳಾಗಿರಲಿಲ್ಲ. ಶನಿವಾರ ಸಂಜೆ ಹೊಂಗೆ ಮರದ ಕೆಳಗೆ ವ್ಯಾನ್ ನಿಲ್ಲಿಸಿ, ಮನೆಯಿಂದ ಕಟ್ಟಿಕೊಟ್ಟ ಚಪಾತಿ ಬಿಚ್ಚಿದೆವು. ಅವನು ಎರಡು ತುತ್ತು ತಿಂದ. ಬೆಳಗಿನ ಕಾಫಿಗೆಂದು ಫಿಲ್ಟರಿಗೆ ಬಿಸಿನೀರು ಹಾಕುವಾಗ ನನ್ನ ತಪ್ಪು ಹೊಳೆಯಿತು. ನಮ್ಮ ಕಡೆಯವರಿಗೆ ಬೆಳಗ್ಗೆ ಎಂದರೆ ಕಾಫಿ, ಬೇರೆಯದು ತಲೆಗೇ ಹೋಗುವುದಿಲ್ಲ. ಬಸವರಾಜ ಕಾಫಿ ಮುಟ್ಟುವವನಲ್ಲ, ಅವನದು ಟೀ. ಇಡೀ ಪೆಟ್ಟಿಗೆ ಖಾಲಿ ಮಾಡಿ ಹುಡುಕಿದೆ. ಟೀ ಪುಡಿಯೂ ಇಲ್ಲ, ಸೋಸುವ ಜಾಲರಿಯೂ ಇಲ್ಲ. "ಬಿಡ್ರಿ ಅಣ್ಣಾರ, ನನಗೇನೂ ಬ್ಯಾಡ" ಎಂದು ಅವನು ವ್ಯಾನಿನೊಳಗೆ ಕಂಬಳಿ ಹೊದ್ದು ಮಲಗಿದ. ನನಗೆ ಬಹಳ ನಾಚಿಕೆಯಾಯಿತು.

ಬೆಳಕು ಹರಿಯುವ ಹೊತ್ತಿಗೆ ಎದ್ದೆ. ಒದ್ದೆ ಬಟ್ಟೆ ಸುತ್ತಿಟ್ಟಿದ್ದ ಪ್ಯಾಕೆಟ್ ಒಡೆದು ಹಾಲು ಕಾಯಲಿಟ್ಟೆ. ಬಸವರಾಜ ಮುಸುಕು ಹಾಕಿ ಮಲಗಿದ್ದ. ಬೇವಿನಕಡ್ಡಿ ಕಚ್ಚಿಕೊಂಡು ಹೊಲದ ಬದುವಿನವರೆಗೆ ಹೋದೆ, ಹೆಚ್ಚೆಂದರೆ ಐದು ನಿಮಿಷ. ಹಾಲು ಉಕ್ಕೀತು ಎಂದು ಬೇಗ ಹೆಜ್ಜೆ ಹಾಕುತ್ತಾ ಬರುವಾಗ ಮೂಗಿಗೆ ಶುಂಠಿ ಟೀಯ ವಾಸನೆ ಬಡಿಯಿತು.

ಒಲೆ ಆರಿಸಿತ್ತು. ಸಿಲಿಂಡರಿನ ಕಿವಿಯನ್ನೂ ತಿರುಗಿಸಿ ಬಂದ್ ಮಾಡಿತ್ತು. ಪಾತ್ರೆ ಖಾಲಿ, ತಳದಲ್ಲಿ ಒಂದು ಚೂರು ಚರಟವಿಲ್ಲ. ಎರಡೂ ಲೋಟ ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದವು, ಎರಡರಲ್ಲೂ ಕೆಂಪಗೆ ಟೀ. ಒಂದರ ಬಾಯಿಗೆ ಸಕ್ಕರೆ ಡಬ್ಬಿಯ ಮುಚ್ಚಳ ಮುಚ್ಚಿತ್ತು. ಇನ್ನೂ ಎದ್ದಿರದವರಿಗೆ ಆರದಿರಲಿ ಎಂದು ಮನೆಯಲ್ಲಿ ಹೆಂಗಸರು ಮುಚ್ಚಿಡುತ್ತಾರಲ್ಲ, ಹಾಗೆ. ಫಿಲ್ಟರ್ ತೆಗೆದು ನೋಡಿದೆ, ರಾತ್ರಿಯ ಡಿಕಾಕ್ಷನ್ ಇಳಿದಷ್ಟೂ ಹಾಗೇ ಇತ್ತು. ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ವಾಸನೆಗೆ ಬಸವರಾಜ ಎದ್ದು ಬಂದ. ಮುಚ್ಚಿದ ಲೋಟವನ್ನೇ ಎತ್ತಿಕೊಂಡ. ಒಂದು ಗುಟುಕು ಕುಡಿದು ಹಾಗೇ ನಿಂತ.

"ಮೆಣಸು ಹಾಕೇತಿ. ಚಳಿ ಇದ್ದಾಗ ಅಕಿ ಎರಡು ಮೆಣಸು ಕುಟ್ಟಿ ಹಾಕತಿದ್ಲು" ಎಂದ. "ಇದನ್ನ ನೀವು ಮಾಡೀರೇನ್ರಿ?"

ಎಂಟು ತಿಂಗಳ ಮೇಲೆ ಆಸೆಪಟ್ಟು ಏನೋ ಕುಡಿಯುತ್ತಿದ್ದಾನೆ. "ಹೂಂ, ನಾನೇ ಮಾಡ್ದೆ ಬಸಣ್ಣ, ಕುಡೀರಿ" ಎಂದೆ.

"ಸುಳ್ಳು ಹೇಳಬ್ಯಾಡ್ರಿ" ಎಂದು ಮೆಲ್ಲಗೆ ಹೇಳಿ, ಲೋಟ ಪೂರ್ತಿ ಮುಗಿಸಿದ.

ಇನ್ನೊಂದು ಲೋಟ ನನಗೆಂದು ಇಟ್ಟಿದ್ದಲ್ಲ ಎಂದು ನನಗೇಕೋ ಅನ್ನಿಸಿತು. ಅದನ್ನು ನೋಡುತ್ತಾ ನಿಲ್ಲುವ ಧೈರ್ಯವೂ ಇರಲಿಲ್ಲ. ಎತ್ತಿ ಬದುವಿಗೆ ಚೆಲ್ಲಿಬಿಟ್ಟೆ. "ಯಾಕ ಚೆಲ್ಲಿದ್ರಿ? ಅಕಿ ಇನ್ನೂ ಕುಡಿದಿದ್ದಿಲ್ಲ" ಎಂದು ಅವನು ಕೆಂಡಾಮಂಡಲವಾದ. ಅವನು ಸಿಟ್ಟು ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಾಗೆ ಚೆಲ್ಲಬಾರದಿತ್ತು, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಿದ್ದೆಗಣ್ಣಲ್ಲಿ ಅವನೇ ಮಾಡಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡು, ಅವನು ಮುಖ ತೊಳೆಯಲು ಹೋದಾಗ ಕಳ್ಳನಂತೆ ಅವನ ಚೀಲ ತಡಕಿದೆ. ಒಂದು ಅಂಗಿ, ಒಂದು ಟವೆಲ್, ಅಷ್ಟೇ. ಕಂಬಳಿಯನ್ನೂ ಕೊಡವಿದೆ. ಅದು ಹೋಗಲಿ, ಜಾಲರಿಯಿಲ್ಲದೆ, ಐದು ನಿಮಿಷದಲ್ಲಿ, ಒಂದು ಚಿಟಿಕೆ ಪುಡಿಯೂ ಉಳಿಯದಂತೆ ಟೀ ಮಾಡುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಮುಂದಿನ ಶನಿವಾರ ಬಸವರಾಜ ಅದೇ ಹೊಲಕ್ಕೆ ಹೋಗಲು ವ್ಯಾನ್ ಕೇಳಿದ. ಕೊಟ್ಟೆ. ಅದರ ಮುಂದಿನ ವಾರವೂ ಕೇಳಿದ. ನಾನು ಪೆಟ್ಟಿಗೆಯಲ್ಲಿ ಸಕ್ಕರೆ, ಹಾಲು ಬಿಟ್ಟು ಬೇರೇನೂ ಇಡುತ್ತಿರಲಿಲ್ಲ, ಅವನೂ ಬೇರೇನೂ ಕೇಳುತ್ತಿರಲಿಲ್ಲ. ಕ್ರಮೇಣ ಅವನ ಕೆನ್ನೆ ತುಂಬಿಕೊಂಡಿತು, ಮಹಡಿಯಲ್ಲಿ ಒಗ್ಗರಣೆಯ ಸದ್ದು ಕೇಳಿಸತೊಡಗಿತು. ನಮ್ಮಮ್ಮನಿಗೆ ಖುಷಿಯೋ ಖುಷಿ. ನನಗೆ ಮಾತ್ರ ನೆಮ್ಮದಿಯಿಲ್ಲ. ಅವನನ್ನು ಈ ಕಡೆಗೆ ಎಳೆದುಕೊಂಡೆನೋ, ನಾನೇ ಕೈಯಾರೆ ಆ ಕಡೆಗೆ ಬಿಟ್ಟುಕೊಟ್ಟೆನೋ ತಿಳಿಯುತ್ತಿರಲಿಲ್ಲ. ಪ್ರತಿ ಭಾನುವಾರ ಅವನು ಗೇಟು ತೆಗೆದ ಸದ್ದಾಗುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಊರಿನಿಂದ ಅವನ ಅಣ್ಣ ಒಂದು ಸಂಬಂಧ ಹಿಡಿದುಕೊಂಡು ಬಂದ. ಮೆಟ್ಟಿಲ ಹತ್ತಿರ ನಮ್ಮಮ್ಮ ಬಸವರಾಜನ ಕೈಹಿಡಿದು, "ಒಪ್ಕೊಳ್ಳಪ್ಪ, ಎಷ್ಟು ದಿನ ಅಂತ ಒಬ್ನೇ ಇರ್ತೀಯ" ಎಂದಳು.

"ಐತ್ವಾರ ಕೇಳಿ ಹೇಳತೇನ್ರಿ ಅಮ್ಮಾರ" ಎಂದ.

ಭಾನುವಾರ ಅಣ್ಣನನ್ನು ಕೇಳುತ್ತಾನೆಂದು ನಮ್ಮಮ್ಮ ತಿಳಿದುಕೊಂಡಳು. ಅಣ್ಣ ಅಲ್ಲೇ ಪಕ್ಕದಲ್ಲಿ ನಿಂತಿದ್ದ.

ಸೋಮವಾರ ಬೆಳಗ್ಗೆ ಆಫೀಸಿಗೆ ಹೊರಟವನು ಅಂಗಡಿಗೆ ಬಂದು ವ್ಯಾನಿನ ಕೀ ಗಲ್ಲಾದ ಮೇಲಿಟ್ಟ. "ಹೂಂ ಅಂದ್ಲ್ರಿ" ಎಂದ. ಕೀಯನ್ನು ನನ್ನ ಕಡೆಗೆ ಸರಿಸಿ, "ಆದ್ರ ಇನ್ನ ಮ್ಯಾಲ ಬರಂಗಿಲ್ಲ ಅಂದ್ಲು" ಎಂದ. ಶಾಂತಾಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದವನು ಪೇಂಟ್ ಡಬ್ಬಗಳ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಯಾರು ಎಂದು ಆಗಲೂ ನಾನು ಕೇಳಲಿಲ್ಲ, ಇಷ್ಟು ವರ್ಷವಾದರೂ ಕೇಳುವ ಧೈರ್ಯ ಬಂದಿಲ್ಲ. ಗಿರಾಕಿಗಳು ಒಳಗೆ ಬರದಿರಲಿ ಎಂದು ಶಟರ್ ಅರ್ಧ ಇಳಿಸಿದೆ.