ಮನೇಲಿ ಕೇಳಿ ಹೇಳ್ತೀನಿ

ಅನ್ನಪೂರ್ಣೇಶ್ವರಿ ನಗರದ ನನ್ನ ಹಾರ್ಡ್‌ವೇರ್ ಅಂಗಡಿಗೆ ಜಗನ್ನಾಥರಾಯರು ಕಾಲಿಟ್ಟರೆ ಆ ಸಂಜೆ ಮುಗಿದಂತೆಯೇ. ಅಡುಗೆಮನೆ ಕಪಾಟಿಗೆ ಹ್ಯಾಂಡಲ್ ಬೇಕೆಂದು ಬಂದವರು ಮಾದರಿಗೆಂದು ಬೋರ್ಡಿಗೆ ಹೊಡೆದ ಅಷ್ಟೂ ಹ್ಯಾಂಡಲ್‌ಗಳನ್ನು ಮದುವೆಮನೆಯ ಬೀಗರಂತೆ ಕೈಕುಲುಕಿ ಮಾತಾಡಿಸುತ್ತಾರೆ. ಸ್ಟೀಲು ಕೈಗೆ ತಣ್ಣಗೆ, ಹಿತ್ತಾಳೆ ಬೇಗ ಮಂಕು, ಕರಿಯದು ಅಪಶಕುನ. ಕೊನೆಗೆ ಒಂದನ್ನು ಜೇಬಿಗಿಳಿಸಿ “ಮನೇಲಿ ಕೇಳಿ ಹೇಳ್ತೀನಿ” ಎಂದು ಹೊರಡುತ್ತಾರೆ. ಮರುದಿನ ಬಂದು “ಅವಳಿಗೆ ಹಿಡಿಸ್ಲಿಲ್ಲ” ಎಂದು ಅದನ್ನು ಗಾಜಿನ ಮೇಲಿಡುತ್ತಾರೆ. ಹ್ಯಾಂಡಲ್ ಇನ್ನೂ ಆಗಿಲ್ಲ. ಆ ಕಪಾಟಿನ ಬಾಗಿಲುಗಳಿಗೆ ಮಾತ್ರ, ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವಂತೆ ಹೊಸ ಥರದ ಹಿಂಜಸ್ಸುಗಳನ್ನು ನಾನೇ ಒತ್ತಾಯದಿಂದ ಹಾಕಿಸಿದ್ದೆ. ನಿನ್ನೆ ಅವನ್ನೆಲ್ಲ ಬಿಚ್ಚಿಸಿ ಚೀಲದಲ್ಲಿ ತಂದರು. “ಹಳೇ ಥರದ್ದೇ ಕೊಡಿ, ದಢ್ ಅನ್ನೋದು.” “ಯಾಕೆ ಸಾರ್, ಕೆಟ್ಟೋಯ್ತಾ?” “ಇಲ್ಲಪ್ಪ, ಚೆನ್ನಾಗೇ ಇದೆ. ಅವಳು ನನ್ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನೇನಾದ್ರೂ ಕೇಳಿದ್ರೆ ಕಪಾಟಿನ ಬಾಗಿಲಲ್ಲೇ ಉತ್ರ. ಬಡಿದ್ರೆ ಬೇಡ ಅಂತ, ಮೆಲ್ಲಗೆ ಹಾಕಿದ್ರೆ ಆಗ್ಲಿ ಅಂತ.” ಚೀಲವನ್ನು ನನ್ನತ್ತ ಸರಿಸಿದರು. “ಈಗ ಏನು ಕೇಳಿದ್ರೂ ಆಗ್ಲಿ ಅಂದಂಗೇ ಕೇಳ್ಸತ್ತೆ.”