ಜಾರದ ಸೆರಗು

ಇಚಲಕರಂಜಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಗೋಡೆಗೆ ಹತ್ತಿಕೊಂಡು ಕಂಡಿಕೆ ಸುತ್ತುವ ಯಂತ್ರವಿತ್ತು. ಲಾಳಿಯೊಳಗೆ ಕೂಡಿಸುವ ಕಡ್ಡಿಗೆ ನೂಲು ಸುತ್ತಿದರೆ ಅದು ಕಂಡಿಕೆ. ಈ ಕೆಲಸಕ್ಕೆ ಎರಡೂ ಕೈ ಬೇಕು: ಒಂದು ಕೈ ತುಂಬಿದ ಕಂಡಿಕೆ ತೆಗೆಯುವಾಗ ಇನ್ನೊಂದು ಎಳೆ ಹಿಡಿದಿರಬೇಕು. ಮಾವನ ಎದುರಿಗೆ ಸೊಸೆಯ ತಲೆಯ ಮೇಲಿನ ಸೆರಗು ಜಾರಬಾರದು. ಅದನ್ನು ಕಾಯಲು ಇನ್ನೊಂದು ಕೈ ಬೇಕು. ಹಾಗಾಗಿ ಮಾವ ಶೆಡ್ಡಿನಲ್ಲಿರುವಷ್ಟು ಹೊತ್ತು ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ಅವರು ಊಟ ಮಾಡಿ ಮಲಗಿದಾಗ ಎರಡು ತಾಸು ಸುತ್ತುತ್ತಿದ್ದೆ. ಉಳಿದ ಹೊತ್ತು ಸುಳಕೂಡ ಕಡೆಯ ಒಬ್ಬ ಹೆಂಗಸು ಕೂಲಿಗೆ ಬಂದು ಸುತ್ತುತ್ತಿದ್ದಳು. ಅವಳು ಸೊಸೆಯಲ್ಲ. ಅವಳ ಸೆರಗು ಸೊಂಟದಲ್ಲಿರುತ್ತಿತ್ತು.

ನನಗೆ ಉಳಿಯುತ್ತಿದ್ದ ಹೊತ್ತಿನಲ್ಲಿ ಮ್ಯಾಟ್ರಿಕ್‌ಗೆ ಓದುತ್ತಿದ್ದೆ. ಗಡಹಿಂಗ್ಲಜದ ತವರಿನಲ್ಲಿ ಪರೀಕ್ಷೆಗೆ ಮೊದಲೇ ಮದುವೆಯಾಗಿತ್ತು. ಪಾಸಾದರೆ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಬಹುದಿತ್ತು. ಆ ಮನೆಯಿಂದ ಹಗಲು ಹೊರಗೆ ಹೋಗಲು ನನಗೆ ಕಂಡ ದಾರಿ ಅದೊಂದೇ. ಗಂಡ ಕೊಲ್ಹಾಪುರದಿಂದ ಫಾರ್ಮು ತಂದುಕೊಟ್ಟರು, ತುಂಬಿ ಕಳಿಸಿದೆ. ಅತ್ತೆ ಒಂದು ಶರತ್ತು ಹಾಕಿದ್ದರು.

"ಕೆಲಸ ಇಲ್ಲದಾಗ ಓದ್ಕೊ. ಕೆಲಸ ಇದ್ದಾಗ ಪುಸ್ತಕ ಕಂಡ್ರ ಒಲಿಗೆ ಹಾಕ್ತೇನಿ ನೋಡ ಮತ್ತ."

ಒಲೆಗೆ ಹಾಕುವ ಹೆಂಗಸಲ್ಲ ಅವರು. ಆದರೆ ಶರತ್ತು ಶರತ್ತೇ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಬಗ್ಗಿ ಎಳೆ ಹಚ್ಚುತ್ತಿದ್ದೆ. ಸೆರಗಿನ ತುದಿ ತಿರುಗುವ ಯಂತ್ರದ ಬೆಲ್ಟಿಗೆ ಸಿಕ್ಕಿತು. ಪಕ್ಕದ ಮಗ್ಗದಲ್ಲಿದ್ದ ಗಂಡ ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ನನ್ನ ಗಲ್ಲ ಯಂತ್ರದ ಚೌಕಟ್ಟಿಗೆ ತಾಗಿತ್ತು. ಸೀರೆ ಹರಿಯಿತು, ಹಾಗಾಗಿ ಕೊರಳು ಉಳಿಯಿತು.

"ಇನ್ನ ಮ್ಯಾಲೆ ಸೊಂಟಕ್ಕ ಸಿಗಿಸ್ಕೊ," ಎಂದರು ಗಂಡ.

"ಸಿಗಿಸ್ಕೊಂಡಾಗ ನಿಮ್ಮಪ್ಪ ಎದ್ದು ಬಂದ್ರ?" ಎಂದರು ಸದ್ದಿಗೆ ಓಡಿಬಂದ ಅತ್ತೆ.

ಮರುದಿನ ಪಡಸಾಲೆಯಲ್ಲಿ ಸೂಜಿ ಹಿಡಿದು ಕುಳಿತೆ. ಹರಿದ ತುದಿಯನ್ನು ಒಂದು ಮೊಳ ಕತ್ತರಿಸಿ ಅಂಚು ಮಡಿಚಿ ಹೊಲಿದೆ. ಕತ್ತರಿಸಿದ ಬಟ್ಟೆಯಿಂದ ಎರಡು ಲಾಡಿ ಮಾಡಿ, ಸೆರಗು ತಲೆಯ ಮೇಲೆ ಬರುವ ಜಾಗದಲ್ಲಿ ಒಳಬದಿಗೆ ಹಚ್ಚಿದೆ. ಕಿವಿಯ ಹಿಂದಿನಿಂದ ತಂದು ತುರುಬಿನ ಕೆಳಗೆ ಗಂಟು ಹಾಕಿದರೆ ಮುಗಿಯಿತು. ಕುಪ್ಪಸದ ಭುಜಕ್ಕೆ ಒತ್ತಿದರೆ ಕೂಡುವ ಎರಡು ಟಿಚ್ ಬಟನ್, ಸೀರೆಗೆ ಅವುಗಳ ಜೋಡಿ. ಹಾಕಿಕೊಂಡು ಬಗ್ಗಿದೆ, ತಿರುಗಿದೆ, ತಲೆ ಕೊಡವಿದೆ. ಸೆರಗು ಅಲ್ಲಾಡಲಿಲ್ಲ. ಅತ್ತೆ ತಾವೇ ಜಗ್ಗಿ ನೋಡಿದರು.

"ಅಯ್ಯ ಶಿವನ! ಸೆರಗ ಹೋಗಿ ಟೊಪ್ಪಿಗಿ ಆತಲ್ಲ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ಹೆಮ್ಮೆಯಾಯಿತು.

ಆ ಮಧ್ಯಾಹ್ನ ಮಾವ ಬೇಗ ಎದ್ದು ಶೆಡ್ಡಿಗೆ ಬಂದರು. ನಾನು ಯಂತ್ರ ಬಿಟ್ಟು ಹೊರಡಲು ಎದ್ದೆ. ಮಾವ ನನ್ನ ಜೊತೆ ನೇರ ಮಾತಾಡುತ್ತಿರಲಿಲ್ಲ. ಬಾಗಿಲಲ್ಲಿದ್ದ ಅತ್ತೆಯನ್ನು ಕೇಳಿದರು.

"ಸೆರಗ ನಿಂತೈತಲ್ಲ?"

"ನಿಂತೈತ್ರಿ."

"ಮತ್ತ ಆಕಿ ಯಾಕ ಏಳಬೇಕು? ಸುತ್ತಲಿ ಬಿಡು."

ಕುಳಿತೆ. ಕತ್ತಲಾಗುವ ತನಕ ಸುತ್ತಿದೆ. ಮರುದಿನ ಬೆಳಿಗ್ಗೆಯಿಂದಲೇ ಕರೆ ಬಂತು. ಉಳಿದ ಸೀರೆ, ಕುಪ್ಪಸಗಳಿಗೂ ಲಾಡಿ, ಬಟನ್ ಹಚ್ಚಿಕೊಂಡೆ. ವಾರ ತುಂಬುವುದರೊಳಗೆ ಕೂಲಿಯ ಹೆಂಗಸಿಗೆ ನಾಳೆಯಿಂದ ಬೇಡ ಎಂದು ಹೇಳಿದರು. ಅವಳು ಹೋಗುವಾಗ ನನ್ನ ಭುಜದ ಬಟನ್ ಮುಟ್ಟಿ ನೋಡಿದಳು.

"ಭಾಳ ಶ್ಯಾಣೇರಿದೀರಿ ಅಕ್ಕಾರ. ನನ್ನ ಕೆಲಸ ಎರಡು ಬಟನ್ನಿಗೆ ಹೋತು. ಇನ್ನ ನೀವ ಸುತ್ರಿ."

ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು.

ಕೆಲಸ ಇಲ್ಲದ ಹೊತ್ತು ಎಂಬುದೇ ಉಳಿಯಲಿಲ್ಲ. ರೇಖಾಗಣಿತದ ಪುಸ್ತಕ ಹಿಟ್ಟಿನ ಡಬ್ಬಿಯ ಹಿಂದೆ ಬಿದ್ದಿತ್ತು. ಓಣಿಯ ಎರಡು ಮನೆಗಳಿಂದ ಅತ್ತೆಯರು ತಮ್ಮ ಸೊಸೆಯರ ಕುಪ್ಪಸ ತಂದುಕೊಟ್ಟರು, ಹೊಲಿದುಕೊಟ್ಟೆ. ಮೂರನೆಯ ಮನೆಯ ಸೊಸೆ ತಾನೇ ಬಂದಳು. "ಬ್ಯಾಡ ತಂಗಿ, ಜಾರಲಿ ಬಿಡು," ಎಂದೆ. ನಾನು ಹೊಟ್ಟೆಕಿಚ್ಚಿಗೆ ಹಾಗೆ ಹೇಳಿದೆನೆಂದು ಅವಳು ಓಣಿಯಲ್ಲಿ ಹೇಳಿದಳು.

ಸಂಕ್ರಾಂತಿ ಕಳೆಯಿತು. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಒಂದು ಬೆಳಿಗ್ಗೆ ಬ್ಲೇಡಿನಿಂದ ಎಲ್ಲ ಸೀರೆ, ಕುಪ್ಪಸಗಳ ಲಾಡಿ, ಬಟನ್ ಕತ್ತರಿಸಿ ತೆಗೆದು, ಸೆರಗನ್ನು ಸುಮ್ಮನೆ ತಲೆಯ ಮೇಲೆ ಹಾಕಿಕೊಂಡು ಯಂತ್ರದ ಮುಂದೆ ಕುಳಿತೆ. ಮಾವ ಎದುರಿಗೇ ಇದ್ದರು. ಬಗ್ಗಿದಾಗ ಸೆರಗು ಜಾರಿತು. ನಾನು ಕೈ ಎತ್ತಲಿಲ್ಲ. ಎಳೆ ಹಚ್ಚುತ್ತಲೇ ಇದ್ದೆ. ಮಾವ ಮುಖ ತಿರುಗಿಸಿ ಎದ್ದು ಹೊರಗೆ ಹೋದರು. ಅತ್ತೆ ಓಡಿಬಂದರು.

"ಏನ ಮಾಡಿದಿ ಹುಡುಗಿ?"

"ಬಟನ್ ಕಿತ್ತಾವ್ರಿ ಅತ್ತಿ."

"ಎಲ್ಲಾ ಕುಬಸದ್ದೂ ಒಂದ ದಿನ ಕಿತ್ತು?"

ನಾನು ಸುತ್ತುವುದನ್ನು ನಿಲ್ಲಿಸಿದೆ. "ಆ ಕೂಲಿಯಾಕಿನ್ನ ತಿರುಗಿ ಕರೀರಿ. ಪರೀಕ್ಷಾ ಮುಗಿಯೂ ತನಕ ಸಾಕ್ರಿ."

ಅತ್ತೆ ನನ್ನ ಸೆರಗನ್ನು ಎತ್ತಿ ತಲೆಯ ಮೇಲೆ ಹಾಕಿ, "ಕೇಳ್ತೇನಿ ತಡಿ," ಎಂದರು. ಕೇಳಿದರು ಕೂಡ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಮಾವ ಸಿಟ್ಟಾಗಲಿಲ್ಲ. "ಹುಡುಗೀದು ಸಂಕಟ ಖರೇ ಐತಿ. ಏನರ ಮಾಡೂಣು," ಎಂದರು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದಾಯಿತು. ನೂಲಿನ ಮೂಟೆಗಳಿಗೆ ಸುತ್ತಿ ಬರುವ ಗೋಣಿತಟ್ಟುಗಳನ್ನು ಒಂದಕ್ಕೊಂದು ಹೊಲಿದು, ಮಗ್ಗಗಳಿಗೂ ಕಂಡಿಕೆ ಯಂತ್ರಕ್ಕೂ ನಡುವೆ ಮಾವ ಮೊಳೆ ಹೊಡೆಸಿ ಪರದೆ ಕಟ್ಟಿಸಿದ್ದರು. ಒಳಗೆ ಯಂತ್ರ, ಒಂದು ಮಣೆ, ಹೊಸದಾಗಿ ಹಾಕಿಸಿದ ಒಂದು ಬಲ್ಬು. ನಾನು ಒಳಗೆ ಹೋದ ಮೇಲೆ ಆ ಕಡೆಯಿಂದ ಮಾವನ ದನಿ ಬಂತು. ನನ್ನನ್ನು ನೇರ ಮಾತಾಡಿಸಿದ್ದು ಅದೇ ಮೊದಲು.

"ಇನ್ನ ಸೆರಗಿನ ಚಿಂತಿ ಬ್ಯಾಡವ್ವ. ಬೇಕಾದ್ಹಂಗ ಕೂಡು. ನಾ ಈ ಕಡೆ ಹಣಕಿ ಸೈತ ಹಾಕಂಗಿಲ್ಲ."

ಅವರ ಲೆಕ್ಕಕ್ಕೆ ಅದು ಉಪಕಾರ. ಓಣಿಯಲ್ಲಿ ಅಂಥ ಮಾವ ಇನ್ನೊಬ್ಬರಿರಲಿಲ್ಲ. "ಹೌದ್ರಿ," ಎಂದೆ.

ಕೂಲಿಯ ಹೆಂಗಸನ್ನು ಕರೆಯಲಿಲ್ಲ, ಹಗಲೆಲ್ಲ ನಾನೇ ಸುತ್ತಿದೆ. ಹಾಲ್ ಟಿಕೆಟ್ ಟಪಾಲಿನಲ್ಲಿ ಬಂತು. ಗಂಡ ಅದನ್ನು ತಟ್ಟಿನ ಕೆಳಗಿನಿಂದ ಸರಿಸಿ, "ಕೊಲ್ಹಾಪುರಕ್ಕ ಮುಂಜೇನ ಮೊದಲ ಬಸ್ಸಿಗೆ ಹೋಗೂಣು. ರಜಾ ಕೇಳ್ತೇನಿ ಅಪ್ಪಾಗ," ಎಂದರು.

ಗಣಿತದ ಒಂದು ಪಾಠವೂ ಪೂರ್ತಿ ಆಗಿರಲಿಲ್ಲ.

"ಈ ಸಲ ಬ್ಯಾಡ್ರಿ," ಎಂದೆ.

ತಟ್ಟಿನ ಕೆಳಗೆ ಅವರ ಪಾದಗಳು ಅಲ್ಲೇ ಇದ್ದವು. ಅಷ್ಟರಲ್ಲಿ ಒಂದು ಮಗ್ಗ ನಿಂತಿತು, ಕಂಡಿಕೆ ತೀರಿತ್ತು. ನಾನು ತುಂಬಿದ ಬುಟ್ಟಿಯನ್ನು ತಟ್ಟಿನ ಕೆಳಗಿನಿಂದ ಆಚೆ ಸರಿಸಿದೆ.