ಪಟ್ಟಿಯ ಕೊನೆಯ ಹೆಸರು

ನರ್ಸ್ ವೇತಾ ಮೂವತ್ತೊಂದು ವರ್ಷ ಡ್ಯಾನ್ಯೂಬ್ ಹೊಳೆಯ ಕಣಿವೆಯ ಗುಡ್ಡ ಹತ್ತಿಳಿದವಳು. ಮೇಲಿನ ಹನ್ನೆರಡು ಮನೆಗಳಿಗೆ ಡಾಕ್ಟರೂ ಅವಳೇ, ಜಗಳ ಬಿಡಿಸುವವಳೂ ಅವಳೇ. ಹೋದ ಚಳಿಗಾಲದಲ್ಲಿ ಆಸ್ಪತ್ರೆಯವರು ಅವಳಿಗೊಂದು ಟ್ಯಾಬ್ಲೆಟ್ ಕೊಟ್ಟಿದ್ದರು. ಒಳಗಿರುವುದು ಒಂದೇ ಸಿಮ್. ಆದರೆ ಯಾವ ಕಂಪನಿಯ ಸಿಗ್ನಲ್ ಬೇಕೋ ಅದನ್ನು ಬೆರಳಿನಿಂದ ಒತ್ತಿ ಹಿಡಿಯಬಹುದು. ಪಟ್ಟಿಯಲ್ಲಿ ತಮ್ಮ ರೊಮೇನಿಯದ ಮೂರು ಹೆಸರು, ಕೊನೆಯಲ್ಲಿ ಹೊಳೆಯಾಚೆಯ ಸೆರ್ಬಿಯದ್ದೊಂದು.

ಆ ಕೊನೆಯದನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಆಚೆಯ ಸಿಗ್ನಲ್ ಹಿಡಿದರೆ ಫೋನಿನ ಗಡಿಯಾರ ಅಲ್ಲಿನ ಸಮಯಕ್ಕೆ, ಒಂದು ಗಂಟೆ ಹಿಂದಕ್ಕೆ ಓಡುತ್ತದೆ. ಅದನ್ನು ನಂಬಿ ಬಸ್ಸು ತಪ್ಪಿಸಿಕೊಂಡವರಿದ್ದಾರೆ. ಒಬ್ಬ ಪುಣ್ಯಾತ್ಮನಂತೂ ತನ್ನ ಮದುವೆಗೇ ತಡವಾಗಿ ಹೋಗಿದ್ದ.

ಮೇ ತಿಂಗಳ ಒಂದು ಬೆಳಿಗ್ಗೆ ನಿಸ್ತೋರ್ ಮುದುಕ ಎದೆ ಹಿಡಿದುಕೊಂಡು ಅಂಗಳದ ಬೆಂಚಿನ ಮೇಲೆ ಕುಸಿದ. ವೇತಾ ಓಡಿ ಬಂದು ಇಸಿಜಿ ತೆಗೆದಳು. ಗೆರೆ ನೋಡಿದರೆ ಹೃದಯಾಘಾತವೇ. ಹೆಪ್ಪು ಕರಗಿಸುವ ಇಂಜೆಕ್ಷನ್ ಚೀಲದಲ್ಲೇ ಇತ್ತು, ಆದರೆ ತಿಮಿಶ್ವಾರ ಪಟ್ಟಣದ ದೊಡ್ಡಾಸ್ಪತ್ರೆಯ ಡಾಕ್ಟರು ಗೆರೆ ನೋಡಿ ಹೂಂ ಅನ್ನದೆ ಕೊಡುವಂತಿಲ್ಲ. ತಡವಾದರೆ ಮುದುಕ ಉಳಿಯುವುದಿಲ್ಲ. ಮೊದಲ ಕಂಪನಿ ಒತ್ತಿದಳು, ಇಲ್ಲ. ಎರಡನೆಯದು, ಮೂರನೆಯದು, ಬಂಡೆಗಳ ನಡುವೆ ಅವೂ ಸತ್ತಿದ್ದವು.

"ಇನ್ನೊಂದಿದೆ ಮಾವ. ಆ ಕಡೇದು," ಎಂದಳು.

ನಿಸ್ತೋರ್ ಹೊಳೆಯ ಕಡೆ ನೋಡಿದ. ಹರೆಯದಲ್ಲಿ, ಕಮ್ಯುನಿಸ್ಟರ ಕಾಲದಲ್ಲಿ, ಮೂರು ವರ್ಷ ಅವನು ಗಡಿ ಕಾಯುವ ಸಿಪಾಯಿಯಾಗಿ ಇದೇ ದಡದಲ್ಲಿ ಬಂದೂಕು ಹಿಡಿದು ನಿಂತಿದ್ದ, ಯಾರೂ ದೇಶ ಬಿಟ್ಟು ಆಚೆಗೆ ಈಜಿ ಹೋಗದಂತೆ. ಈಜಿದವರಲ್ಲಿ ಎಷ್ಟೋ ಜನ ಆಚೆ ತಲುಪಲಿಲ್ಲ. ಆ ಮಾತನ್ನು ಅವನು ಎಂದೂ ಎತ್ತಲಿಲ್ಲ, ಊರೂ ಕೆದಕಲಿಲ್ಲ.

"ಒತ್ತೇ ಮಾರಾಯ್ತಿ. ನಾನೇನು ಬಸ್ಸಿಗೆ ಹೋಗ್ಬೇಕಾ?"

ಒತ್ತಿದಳು. ಟ್ಯಾಬ್ಲೆಟ್ಟಿನಲ್ಲಿ ಹತ್ತೂವರೆ ಇದ್ದದ್ದು ಒಂಬತ್ತೂವರೆ ಆಯಿತು, ಇಸಿಜಿಯ ಗೆರೆ ಡಾಕ್ಟರಿಗೆ ಹೋಯಿತು. ಮುದುಕನ ಎದೆಬಡಿತ ಹೊಳೆ ದಾಟಿ, ಪರದೇಶದ ಗುಡ್ಡ ಹತ್ತಿ, ಮತ್ತೆ ತಮ್ಮದೇ ದೇಶದ ಪಟ್ಟಣಕ್ಕೆ ಇಳಿಯಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟು ವರ್ಷ ಪೀಡೆ ಎಂದು ಬೈದದ್ದು ಈ ಸಿಗ್ನಲ್ಲನ್ನೇ ಎಂದು ನೆನೆದು ವೇತಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಇಂಜೆಕ್ಷನ್ ಈಗ್ಲೇ ಕೊಡಿ, ದೋಣಿ ಕಳಿಸ್ತೀವಿ," ಎಂದು ಪರದೆಯಲ್ಲಿ ಡಾಕ್ಟರು ಹೇಳಿದರು.

ವೇತಾ ಇಂಜೆಕ್ಷನ್ ಚುಚ್ಚಿದಳು. ದೋಣಿ ಬರುವಷ್ಟರಲ್ಲಿ ನಿಸ್ತೋರನ ಮುಖಕ್ಕೆ ಕಳೆ ಬಂದಿತ್ತು. ಹೊಳೆಯಿಂದ ಕಣ್ಣು ಕೀಳದೆ ಕೇಳಿದ:

"ನನ್ನ ಎದೆ ಬಡಿದದ್ದು ಆಚೆ ಹೋಗಿ ಬಂತಾ?"

"ಹೂಂ ಮಾವ."

"ದಡದಲ್ಲಿ ಯಾರೂ ತಡೀಲಿಲ್ವಾ?"

"ಇಲ್ಲ. ಯಾರೂ ಇರ್ಲಿಲ್ಲ."

ನಿಸ್ತೋರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದ.